ಇಲ್ಲ ಅಲ್ಲ, ಕಾಣೆ

“ಮೇಷ್ಟ್ರೇ, ಸೊನ್ನೆಗೂ ಮೈನಸ್ ಒಂದಕ್ಕೂ ಅಂಥಾ ವ್ಯತ್ಯಾಸ ಏನಿದೆ?” ಎಂದು ಮಾದೇವಿ ಕೇಳಿದಳು.

ಚೆಲುವರಾಯ ಮೇಷ್ಟ್ರು ಆಗ ತಾನೇ ಊಟದ ಡಬ್ಬಿ ಬಿಚ್ಚಿದ್ದರು. ಹರಳಿನೊಳಗೆ ಏನಿದೆ ಎಂದು ಕ್ಷ-ಕಿರಣದಿಂದ ಓದುವ ವಿದ್ಯೆಯನ್ನು ಅವರು ಮೂವತ್ತು ವರ್ಷ ಕಲಿಸಿದ್ದರು. ನಿವೃತ್ತರಾದ ಮೇಲೂ ದಿನಾ ಹನ್ನೊಂದಕ್ಕೆ ಪ್ರಯೋಗಾಲಯಕ್ಕೆ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಸಿಕ್ಕವರನ್ನೆಲ್ಲ ಬೈದು, ನಾಲ್ಕಕ್ಕೆ ಮನೆಗೆ ಹೋಗುತ್ತಿದ್ದರು. ಆ ಬೈಗುಳಕ್ಕೆ ಯಾರೂ ಹೆದರುತ್ತಿರಲಿಲ್ಲ. ಬೈಸಿಕೊಂಡವರಿಗೆ ಅವರ ಡಬ್ಬಿಯಲ್ಲಿ ಅರ್ಧ ಪಾಲು ಸಿಗುತ್ತಿತ್ತು.

“ಯಾಕೆ ಕೇಳ್ತಿದ್ದೀಯ, ಮೊದಲು ಅದು ಹೇಳು” ಎಂದರು ಮೇಷ್ಟ್ರು.

“ಆ ಹಳೇ ಡಿಸ್ಕಿನಲ್ಲಿರೋ ಚಿತ್ರಗಳನ್ನ ಹೊಸ ನಮೂನೆಗೆ ಬದಲಾಯಿಸೋಕೆ ಪ್ರೋಗ್ರಾಂ ಬರೆದಿದ್ದೀನಿ. ಏಳುನೂರ ಇಪ್ಪತ್ತು ಚಿತ್ರ. ಡಿಸ್ಕು ಕರಕರ ಅಂತಿದೆ, ಇವತ್ತೋ ನಾಳೆಯೋ ಹೋಗುತ್ತೆ. ಆಮೇಲೆ ನಾನು ಬರೆದಿಟ್ಟ ಪ್ರತಿ ಒಂದೇ ಉಳಿಯೋದು. ಚಿತ್ರ ಅಂದ್ರೆ ಬರೀ ಅಂಕಿ ತಾನೆ ಮೇಷ್ಟ್ರೇ? ಚೌಕಾಬಾರದ ಹಾಗೆ ಮನೆ ಮನೆ. ಒಂದೊಂದು ಮನೇಲೂ ಒಂದು ಅಂಕಿ, ಅಲ್ಲಿ ಎಷ್ಟು ಬೆಳಕು ಬಿತ್ತು ಅಂತ. ಆದ್ರೆ ಮಧ್ಯೆ ಮಧ್ಯೆ ಪಟ್ಟೆ ಪಟ್ಟೆಯಾಗಿ ಮೈನಸ್ ಒಂದು ಅಂತ ತುಂಬಿದೆ. ಬೆಳಕು ಸೊನ್ನೆಗಿಂತ ಕಮ್ಮಿ ಬೀಳೋಕೆ ಆಗುತ್ತಾ? ಅದನ್ನೆಲ್ಲ ಸೊನ್ನೆ ಮಾಡಿಬಿಟ್ರೆ ಕಡತಾನೂ ಚಿಕ್ಕದಾಗುತ್ತೆ, ಚಿತ್ರಾನೂ ಲಕ್ಷಣವಾಗಿ ಕಾಣುತ್ತೆ.”

“ಆಯ್ತಾ, ಇನ್ನೂ ಇದೆಯಾ?”

“ಇದೆ. ಕಡತದ ತಲೆಬರಹದಲ್ಲಿ ಕೆಲವು ಕಡೆ ಪ್ರಶ್ನೆ ಚಿಹ್ನೆ ಇದೆ. ಈ ನಮೂನೆಯಲ್ಲಿ ‘ಇಲ್ಲಿ ಬರೆಯೋಂಥದ್ದು ಏನೂ ಇಲ್ಲ’ ಅನ್ನೋಕೆ ಚುಕ್ಕಿ ಇಡಬೇಕು. ‘ಇದೆ, ಆದ್ರೆ ನಮಗೆ ಗೊತ್ತಿಲ್ಲ’ ಅನ್ನೋಕೆ ಪ್ರಶ್ನೆ ಚಿಹ್ನೆ ಹಾಕಬೇಕು. ಹೆಂಗಿದ್ರೂ ಖಾಲಿ ಅಂದ್ರೆ ಖಾಲೀನೇ. ಎಲ್ಲ ಕಡೆ ಚುಕ್ಕಿ ಇಟ್ಟುಬಿಡೋಣ ಅಂತ.”

ಮೇಷ್ಟ್ರು ಚಮಚ ಕೆಳಗಿಟ್ಟರು.

“ಅಯ್ಯೋ ನಿನ್ನ! ಪ್ರೋಗ್ರಾಂ ಓಡಿಸಿಬಿಟ್ಟಿದ್ದೀಯಾ?”

“ಇನ್ನೂ ಇಲ್ಲ. ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ.”

“ಬದುಕಿದೆ ಬಡಜೀವ. ಕೂತ್ಕೊ. ಅವರೆಕಾಳು ಉಪ್ಪಿಟ್ಟು ಇದೆ, ತಿನ್ನು. ತಿಂತಾ ಒಂದು ಕತೆ ಕೇಳು. ಮಧ್ಯೆ ಬಾಯಿ ಹಾಕಬೇಡ.”

ಮಾದೇವಿ ಒಂದು ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿಸಿಕೊಂಡು ಕೂತಳು. ನೆಂಜಿಕೊಳ್ಳಲು ಏನೂ ಇರಲಿಲ್ಲ. ಮೇಷ್ಟ್ರು ಉಪ್ಪಿನಕಾಯಿ ತರುವುದಿಲ್ಲ, ಯಾರಾದರೂ ಕೊಟ್ಟರೂ ಬೇಡ ಅನ್ನುತ್ತಾರೆ. ರಕ್ತದೊತ್ತಡ ಇರಬೇಕು ಎಂದು ಅವಳು ತಿಳಿದಿದ್ದಳು.

ಮೇಷ್ಟ್ರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಹರಳು ಬೆಳೆಸುವವಳೊಬ್ಬಳಿದ್ದಳು. ಯಾವ ಊರು ಅಂತ ಕೇಳಬೇಡ, ಕತೆಯ ಊರು. ಹರಳು ಬೆಳೆಸುವುದು ಹೇಗೆ ಅಂತ ನಿನಗೆ ಗೊತ್ತು. ಗಾಜಿನ ಮುಚ್ಚಳಕ್ಕೆ ಒಂದು ಹನಿ ದ್ರಾವಣ ಅಂಟಿಸಿ, ತಲೆಕೆಳಗೆ ಮಾಡಿ, ತಣ್ಣಗಿನ ಕೋಣೆಯಲ್ಲಿಟ್ಟು ಕಾಯಬೇಕು. ಅಲುಗಾಡಿಸಬಾರದು. ಆತುರ ಪಡಬಾರದು. ಒಂದೇ ದ್ರಾವಣ, ಒಂದೇ ಕೋಣೆ, ಒಂದೇ ಅಳತೆ; ಆದರೂ ಒಬ್ಬರ ಹನಿಯಲ್ಲಿ ಹರಳು ಕಟ್ಟುತ್ತದೆ, ಇನ್ನೊಬ್ಬರ ಹನಿಯಲ್ಲಿ ಬರೀ ಬಗ್ಗಡ. ವಿಜ್ಞಾನ ಓದಿದವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಕೆಲವರ ಕೈ ಆಗಿಬರುತ್ತದೆ.

ಅವಳದ್ದು ಅಂಥ ಕೈ. ಊರಿನ ಉಳಿದ ಹರಳು ಬೆಳೆಸುವವರೆಲ್ಲ ತಮ್ಮ ಶೀಶೆ ಹಿಡಿದುಕೊಂಡು ಅವಳ ಹತ್ತಿರ ಬರುತ್ತಿದ್ದರು. “ನಿಮ್ಮ ಕೈಗುಣ ಚೆನ್ನಾಗಿದೆ, ಮೊದಲ ಹನಿ ನೀವೇ ಹಾಕಿಕೊಡಿ” ಅನ್ನುತ್ತಿದ್ದರು. ಅವಳು ನಗುತ್ತಾ ಹಾಕಿಕೊಡುತ್ತಿದ್ದಳು. ಕೈಗುಣ ಹರಳಿಗೆ ಮಾತ್ರ ಅಲ್ಲ ಕಣಮ್ಮ. ಅವಳು ಹಾಕಿದ ಮಾವಿನ ಉಪ್ಪಿನಕಾಯಿ ಎರಡು ವರ್ಷವಾದರೂ ಬೂಸಲು ಹಿಡಿಯುತ್ತಿರಲಿಲ್ಲ.

ಅದೇ ಊರಿನಲ್ಲಿ ಪ್ರೋಗ್ರಾಂ ಬರೆಯುವವನೊಬ್ಬನಿದ್ದ. ಬುದ್ಧಿವಂತ. ಬುದ್ಧಿವಂತ ಅನ್ನುವುದು ಅವನಿಗೂ ಗೊತ್ತಿತ್ತು, ಅದೇ ರೋಗ. ಅವನಿಗೆ ಎಲ್ಲವೂ ಚೊಕ್ಕಟವಾಗಿರಬೇಕು. ಪುಸ್ತಕ ಓರೆಯಾಗಿದ್ದರೆ ನೇರ ಮಾಡುತ್ತಿದ್ದ. ಇನ್ನೊಬ್ಬರ ಮೇಜಿನ ಮೇಲಿದ್ದರೂ ಮಾಡುತ್ತಿದ್ದ. ಹರಳು ಬೆಳೆಸುವವಳು ಪ್ರತಿ ಬೇಸಿಗೆಯಲ್ಲಿ ಒಂದು ಜಾಡಿ ಉಪ್ಪಿನಕಾಯಿ ತಂದು ಅವನ ಮೇಜಿನ ಮೇಲಿಡುತ್ತಿದ್ದಳು. “ನಿಮ್ಮ ಡಬ್ಬಿ ನೋಡಿದ್ರೆ ಪಾಪ ಅನ್ನಿಸುತ್ತೆ” ಅನ್ನುತ್ತಿದ್ದಳು. ಅವನು ಜಾಡಿಯನ್ನೂ ನೇರವಾಗಿಟ್ಟು, ವರ್ಷವೆಲ್ಲ ಚಪ್ಪರಿಸುತ್ತಿದ್ದ. ಒಂದು ದಿನವೂ ಬಾಯ್ತುಂಬ ಹೊಗಳಲಿಲ್ಲ.

ಹರಳು ಬೆಳೆಸುವವಳಿಗೆ ಒಂದು ಆಸೆಯಿತ್ತು. ಅವರೆ ಬೀಜದೊಳಗೆ ಒಂದು ಪ್ರೋಟೀನ್ ಇದೆ. ಅದರ ಹರಳನ್ನು ಆ ತನಕ ಯಾರೂ ಬೆಳೆಸಿರಲಿಲ್ಲ. ಅದನ್ನು ತಾನು ಬೆಳೆಸಬೇಕು, ಅದರ ಒಳಗೆ ಹೇಗಿದೆ ಅಂತ ನೋಡಬೇಕು ಅನ್ನುವುದು ಅವಳ ಆಸೆ. ಮೂರು ವರ್ಷ ಹನಿ ಹಾಕಿದಳು. ಮೂರು ವರ್ಷ ಬಗ್ಗಡ ಚೆಲ್ಲಿದಳು. ನಾಲ್ಕನೆಯ ವರ್ಷ ಒಂದು ಹನಿಯಲ್ಲಿ ಏನೋ ಮಿನುಗಿತು. ಆ ಮಿನುಗು ಬೆಳೆದು ಚಿರೋಟಿ ರವೆಯ ಕಾಳಿನಷ್ಟಾಗಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟು ದಿನವೂ ಆ ಕೋಣೆಯ ಬಾಗಿಲನ್ನು ಅವಳು ಎರಡೂ ಕೈಯಿಂದ ಹಿಡಿದು ಸದ್ದಾಗದಂತೆ ಮುಚ್ಚುತ್ತಿದ್ದಳು. ಬೇರೆ ಯಾರಾದರೂ ದಡಾರನೆ ಮುಚ್ಚಿದರೆ, “ಮಗು ಮಲಗಿದೆ ಕಣ್ರೋ” ಅನ್ನುತ್ತಿದ್ದಳು.

ಆ ತರಹದ ಹರಳು ಅವಳಿಗೆ ಅದೊಂದೇ ಸಿಕ್ಕಿದ್ದು.

ಹರಳಿನ ಮೇಲೆ ಕ್ಷ-ಕಿರಣ ಬಿಟ್ಟರೆ ಅದು ಬೆಳಕನ್ನು ಬೊಟ್ಟು ಬೊಟ್ಟಾಗಿ ಚೆದುರಿಸುತ್ತದೆ. ಒಂದೊಂದು ಬೊಟ್ಟಿನಲ್ಲೂ ಎಷ್ಟು ಬೆಳಕಿದೆ ಅಂತ ಎಣಿಸಿದರೆ ಒಳಗೆ ಏನಿದೆ ಅನ್ನುವುದು ತಿಳಿಯುತ್ತದೆ. ಆದರೆ ಆ ಕಿರಣಕ್ಕೇ ಹರಳು ಸಾಯುತ್ತದೆ. ಚಿತ್ರ ತೆಗೆದು ಮುಗಿಯುವ ತನಕ ಬದುಕಿದ್ದರೆ ಅದೇ ಪುಣ್ಯ. ಅವಳ ಹರಳು ಬದುಕಿತ್ತು. ಕೊನೆಯ ಚಿತ್ರದವರೆಗೂ ಬದುಕಿದ್ದು ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಐದು ವರ್ಷದ ಕೆಲಸಕ್ಕೆ ಉಳಿದದ್ದು ಚಿತ್ರಗಳು ಮಾತ್ರ, ಏಳುನೂರ ಇಪ್ಪತ್ತು.

ಮಾದೇವಿಯ ಕೈ ತಟ್ಟೆಯ ಮೇಲೇ ನಿಂತಿತು.

“ಏಳುನೂರ ಇಪ್ಪತ್ತಾ ಮೇಷ್ಟ್ರೇ?”

“ಹ್ಞೂಂ. ತಿನ್ನು, ಆರುತ್ತೆ” ಎಂದರು ಮೇಷ್ಟ್ರು.

ಈಗ ತಟ್ಟೆಯ ವಿಷಯ ಕೇಳು. ನಿನ್ನ ಕೈಯಲ್ಲಿರೋದಲ್ಲ, ಯಂತ್ರದ ತಟ್ಟೆ. ಬೊಟ್ಟುಗಳು ಬೀಳುವ ಆ ತಟ್ಟೆ ಒಂದೇ ಹಲಗೆಯಲ್ಲ. ನೆಲಕ್ಕೆ ಕಲ್ಲು ಹಾಸುವ ಹಾಗೆ ಸಣ್ಣ ಸಣ್ಣ ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿರುತ್ತಾರೆ. ಹಲಗೆ ಹಲಗೆಯ ನಡುವೆ ಸಂದು. ಸಂದಿನಲ್ಲಿ ಬೆಳಕನ್ನು ಹಿಡಿಯುವಂಥದ್ದು ಏನೂ ಇಲ್ಲ. ಅಲ್ಲಿ ಬೊಟ್ಟು ಬಿದ್ದರೂ ತಟ್ಟೆಗೆ ತಿಳಿಯದು, ಬೀಳದಿದ್ದರೂ ತಿಳಿಯದು. ಯಂತ್ರ ಮಾಡಿದವನು ಪ್ರಾಮಾಣಿಕ. ಸಂದಿನ ಮನೆಗಳಲ್ಲೆಲ್ಲ ಮೈನಸ್ ಒಂದು ಅಂತ ಬರೆಯುವ ಹಾಗೆ ಮಾಡಿದ್ದ.

ಚಿತ್ರಗಳು ಪ್ರೋಗ್ರಾಂ ಬರೆಯುವವನ ಕೈಗೆ ಬಂದವು. ತೆರೆದು ನೋಡಿದ. ಚಿತ್ರದ ತುಂಬ ಅಡ್ಡಡ್ಡ, ಉದ್ದುದ್ದ ಪಟ್ಟೆ. ಅವನ ಕಣ್ಣಿಗೆ ಅದು ಚೆನ್ನಾಗಿ ಕಾಣಲಿಲ್ಲ. ಜತೆಗೆ ಅವನು ತನ್ನದೇ ಒಂದು ನಮೂನೆ ಮಾಡಿಕೊಂಡಿದ್ದ. ಅಂಕಿ ಇಡುವ ಅದರ ಡಬ್ಬಿಯಲ್ಲಿ ಮೈನಸ್ ಚಿಹ್ನೆಗೆ ಜಾಗವೇ ಇರಲಿಲ್ಲ. ಬೆಳಕು ಸೊನ್ನೆಗಿಂತ ಕಮ್ಮಿ ಬೀಳುತ್ತದೆಯೇ ಅಂತ ತನ್ನನ್ನೇ ಕೇಳಿಕೊಂಡ. ಬೀಳುವುದಿಲ್ಲ ಅಂತ ತಾನೇ ಉತ್ತರ ಹೇಳಿಕೊಂಡ. ಒಂದು ಸಾಲು ಬರೆದ. ಎಲ್ಲಿ ಮೈನಸ್ ಒಂದು ಇದೆಯೋ ಅಲ್ಲಿ ಸೊನ್ನೆ.

ಪಟ್ಟೆಗಳು ಮಾಯವಾದವು. ಚಿತ್ರ ಕ್ಯಾಲೆಂಡರಿಗೆ ಹಾಕುವ ಹಾಗಾಯಿತು. ಬಂದವರಿಗೆಲ್ಲ ತೋರಿಸಿದ. ಬಂದವರೆಲ್ಲ ಭೇಷ್ ಅಂದರು.

ಆಮೇಲೆ ಲೆಕ್ಕಕ್ಕೆ ಕೂತ. ಹರಳನ್ನು ತಿರುಗಿಸುತ್ತಾ ಚಿತ್ರ ತೆಗೆಯುವುದರಿಂದ ಒಂದೇ ಬೊಟ್ಟು ನಾಲ್ಕಾರು ಸಲ, ಬೇರೆ ಬೇರೆ ಕಡೆ ಬೀಳುತ್ತದೆ. ನಾಲ್ಕಾರು ಸಲದ ಎಣಿಕೆಯೂ ಒಂದಕ್ಕೊಂದು ಹೊಂದಬೇಕು. ಹೊಂದಲಿಲ್ಲ. ಒಂದು ಸಲ ಹಲಗೆಯ ಮೇಲೆ ಇಡಿಯಾಗಿ ಬಿದ್ದ ಬೊಟ್ಟು ಇನ್ನೊಂದು ಸಲ ಸಂದಿನ ಮೇಲೆ ಬಿದ್ದಿತ್ತು. ಸಂದಿನಲ್ಲಿ ಬಿದ್ದ ಅರ್ಧವನ್ನು ಅವನು ಸೊನ್ನೆ ಮಾಡಿದ್ದ. ಹಾಗಾಗಿ ಅದೇ ಬೊಟ್ಟು ಒಂದು ಕಡೆ ಗಟ್ಟಿ, ಒಂದು ಕಡೆ ಪೇಲವ. ಅಳತೆಗಳು ಹೀಗೆ ಜಗಳವಾಡಿದರೆ ಏನರ್ಥ? ಪುಸ್ತಕದಲ್ಲಿ ಬರೆದಿರುತ್ತದೆ. ಹರಳು ಒಡಕು ಅಂತ ಅರ್ಥ.

ಹರಳು ಬೆಳೆಸುವವಳು ಬಂದು ಮೇಜಿನ ಮುಂದೆ ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನನ್ನ ಹರಳು ಚೆನ್ನಾಗಿರಲಿಲ್ವಾ?” ಎಂದು ಕೇಳಿದಳು.

“ಅಳತೆ ಒಂದಕ್ಕೊಂದು ಕೂಡ್ತಾ ಇಲ್ಲ. ಒಡಕು ಹರಳು.”

“ನಾನು ದಿನಾ ಸೂಕ್ಷ್ಮದರ್ಶಕದಲ್ಲಿ ನೋಡ್ತಿದ್ದೆ. ಒಂದು ಗೆರೆ ಕೂಡ ಇರಲಿಲ್ಲ.”

“ಕಣ್ಣು ಸುಳ್ಳು ಹೇಳಬಹುದು, ಅಂಕಿ ಸುಳ್ಳು ಹೇಳಲ್ಲ” ಎಂದ ಅವನು.

ಹಾಗಂದ ಕಣಮ್ಮ. ಅವನ ಬಾಯಿಗಿಷ್ಟು ಮಣ್ಣು ಹಾಕ! ಐದು ವರ್ಷ ಕೂಸಿನ ಹಾಗೆ ನೋಡಿಕೊಂಡವಳಿಗೆ, ಒಂದು ಮಧ್ಯಾಹ್ನ ಕೂತು ಲೆಕ್ಕ ಮಾಡಿದವನು ಆಡುವ ಮಾತೇ ಅದು?

ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವನು ಬುದ್ಧಿವಂತ, ಅವನ ಮಾತು ಸರಿಯಿರಬೇಕು ಅಂತ ನಂಬಿಬಿಟ್ಟಳು. ಹರಳು ಒಡಕಾದರೆ ತಪ್ಪು ಯಾರದ್ದು? ಬೆಳೆಸಿದ ಕೈಯದ್ದು. ಅವಳು ತನ್ನ ಕೈಯನ್ನೇ ಅನುಮಾನಿಸಲು ಶುರುಮಾಡಿದಳು. ಮತ್ತೆ ಹನಿ ಹಾಕಿದಳು, ಬೆರಳು ನಡುಗಿತು. ನಡುಗಿದ ಹನಿಯಲ್ಲಿ ಏನು ಕಟ್ಟುತ್ತದೆ, ಬಗ್ಗಡವೇ. ಊರಿನವರು ಒಬ್ಬರಿಗೊಬ್ಬರು ಪಿಸುಗುಟ್ಟಿದರು, ಅವರ ಕೈಗುಣ ಹೋಯಿತಂತೆ ಅಂತ. ಶೀಶೆ ಹಿಡಿದುಕೊಂಡು ಬರುವವರು ಒಬ್ಬೊಬ್ಬರಾಗಿ ಕಮ್ಮಿಯಾದರು. ಆ ಬೇಸಿಗೆಯಲ್ಲಿ ಉಪ್ಪಿನಕಾಯಿಯ ಜಾಡಿಯೂ ಬರಲಿಲ್ಲ. ಯಾಕೆ ಅಂತ ಅವನು ಕೇಳಲೂ ಇಲ್ಲ, ಮರೆತಿರಬೇಕು ಅಂದುಕೊಂಡ. ಮರೆತದ್ದಲ್ಲ. ಕೈ ಕೆಟ್ಟಿದೆ, ಹಾಕಿದರೆ ಬೂಸಲು ಬರುತ್ತದೆ ಅಂತ ಅವಳು ಮಾವಿನಕಾಯಿಯನ್ನೇ ತಂದಿರಲಿಲ್ಲ.

ಒಂದು ಸಾಯಂಕಾಲ ಅವಳು ಅವನ ಮೇಜಿನ ಹತ್ತಿರ ಬಂದಳು. ಹೆಗಲಲ್ಲಿ ಚೀಲವಿತ್ತು.

“ಬರ್ತೀನಿ” ಎಂದಳು.

ನಮ್ಮಲ್ಲಿ ‘ಹೋಗ್ತೀನಿ’ ಅಂತ ಯಾರೂ ಹೇಳುವುದಿಲ್ಲವಲ್ಲ. ಅಂಗಡಿಗೆ ಹೋಗುವವರೂ ‘ಬರ್ತೀನಿ’ ಅನ್ನುತ್ತಾರೆ, ಗಂಡನ ಮನೆಗೆ ಹೋಗುವವಳೂ ‘ಬರ್ತೀನಿ’ ಅನ್ನುತ್ತಾಳೆ. ಅವನು ಪರದೆಯಿಂದ ಕಣ್ಣು ತೆಗೆಯದೆ “ಹ್ಞೂಂ, ಹೋಗಿ ಬನ್ನಿ” ಎಂದ. ಸಂಜೆಯಾಯಿತು, ಮನೆಗೆ ಹೊರಟಳು ಅಂತ ತಿಳಿದ. ಮಾರನೆಯ ದಿನ ಅವಳು ಬರಲಿಲ್ಲ. ವಾರವಾದರೂ ಬರಲಿಲ್ಲ. ಕೆಲಸ ಬಿಟ್ಟಿದ್ದಾಳೆ ಅಂತ ಆಮೇಲೆ ಬೇರೆಯವರ ಬಾಯಿಂದ ತಿಳಿಯಿತು. ಬೇಜಾರಾಯಿತು. ಆದರೆ ಅವನಿಗೆ ಕೆಲಸ ಬಹಳ ಇತ್ತು ನೋಡು, ಬುದ್ಧಿವಂತನಲ್ಲವೇ.

ಮೇಷ್ಟ್ರು ಕತೆ ನಿಲ್ಲಿಸಿ ನೀರು ಕುಡಿದರು. ಲೋಟ ಕೆಳಗಿಡುವಾಗ ಅದು ಮೇಜಿನ ಅಂಚಿಗೆ ತಾಗಿತು. ಮಾದೇವಿ ಅದನ್ನು ಒಳಗೆ ಸರಿಸಿಟ್ಟಳು.

“ಆ ಪ್ರೋಗ್ರಾಂ ಬರೆದೋರು…” ಎಂದು ಅವಳು ಶುರುಮಾಡಿದಳು.

“ಕತೇಲಿ ಹೆಸರು ಕೇಳಬಾರದು. ಬಾಯಿ ಹಾಕಬೇಡ ಅಂದಿರಲಿಲ್ವಾ ನಾನು?”

“ತಪ್ಪಾಯ್ತು, ಹೇಳಿ.”

ಮೂರು ವರ್ಷ ಕಳೆಯಿತು. ಆ ಊರಿನಲ್ಲಿ ಯಂತ್ರ ನೋಡಿಕೊಳ್ಳುವವನೊಬ್ಬನಿದ್ದ. ಓದಿದ್ದು ಹತ್ತನೆಯ ಕ್ಲಾಸು. ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದವನು. ಒಂದು ದಿನ ಯಂತ್ರ ನಿಲ್ಲಿಸಿ ಅದರ ತಟ್ಟೆ ಒರೆಸುತ್ತಿದ್ದ. ಪ್ರೋಗ್ರಾಂ ಬರೆಯುವವನು ಹೊಸದಾಗಿ ಬಂದ ಹುಡುಗರಿಗೆ ತನ್ನ ಕ್ಯಾಲೆಂಡರ್ ಚಿತ್ರವನ್ನು ತೋರಿಸುತ್ತಿದ್ದ. ಯಂತ್ರದವನು ಬಟ್ಟೆ ಕೈಯಲ್ಲಿ ಹಿಡಿದೇ ಬಂದು ಇಣುಕಿದ. ಚಿತ್ರ ನೋಡಿದ, ತಿರುಗಿ ತಟ್ಟೆ ನೋಡಿದ.

“ಸಾರ್, ಈ ಸಂದಿನಲ್ಲಿ ಹಲಗೇನೇ ಇಲ್ವಲ್ಲ. ಅಲ್ಲಿ ಬೆಳಕು ಬೀಳಲಿಲ್ಲ ಅಂತ ನಿಮಗೆ ಹೇಳಿದೋರ್ ಯಾರು?”

“ಏನೂ ದಾಖಲಾಗಿಲ್ಲ ಕಣಯ್ಯ. ಅದಕ್ಕೇ ಸೊನ್ನೆ” ಎಂದ ಪ್ರೋಗ್ರಾಂ ಬರೆಯುವವನು.

“ನಮ್ಮವ್ವ ಕುರಿ ಎಣಿಸ್ಕೊಂಡ್ ಬಾ ಅಂತ ಕಳಿಸೋಳು ಸಾರ್. ಬೇಲಿ ಆಚೆ ನಾನು ಹೋಗಿ ನೋಡದೇ ಇದ್ರೆ, ‘ಆಚೆ ಕಡೆ ಕಾಣೆ ಕಣವ್ವ’ ಅಂತಿದ್ದೆ. ‘ಆಚೆ ಕಡೆ ಇಲ್ಲ’ ಅಂದಿದ್ರೆ ಬೆನ್ನಿನ ಮೇಲೆ ಬೀಳ್ತಿತ್ತು. ಇಲ್ಲ ಅಂದ್ರೆ ಹುಡುಕೋದು ಬಿಟ್ಬಿಡ್ತಾರಲ್ಲ ಸಾರ್.”

ಹುಡುಗರು ನಕ್ಕರು. ಪ್ರೋಗ್ರಾಂ ಬರೆಯುವವನು ನಗಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತ.

ತನ್ನ ನಮೂನೆಗೆ ಬದಲಾಯಿಸಿದ ಮೇಲೆ ಮೂಲ ಚಿತ್ರಗಳನ್ನು ಅವನು ಅಳಿಸಿದ್ದ. ಬೇಡದ್ದನ್ನು ಇಟ್ಟುಕೊಳ್ಳುವ ಜಾತಿಯಲ್ಲ ಅವನು. ಆದರೆ ಯಂತ್ರದವನ ಹತ್ತಿರ ಇನ್ನೊಂದು ಪ್ರತಿ ಇತ್ತು. ಯಾಕೆ ಇಟ್ಟುಕೊಂಡೆ ಅಂತ ಕೇಳಿದ್ದಕ್ಕೆ, “ಅಳಿಸು ಅಂತ ಯಾರೂ ಹೇಳಲಿಲ್ಲ ಸಾರ್. ಅಮ್ಮಾವ್ರು ಅಷ್ಟು ದಿನ ಬೆಳೆಸಿದ್ದು” ಎಂದ. ಬೀರುವಿನಿಂದ ಒಂದು ಡಿಸ್ಕು ತೆಗೆದುಕೊಟ್ಟ. ಧೂಳು ಕೂಡ ಇರಲಿಲ್ಲ, ಒರೆಸಿಟ್ಟಿದ್ದ.

ಪ್ರೋಗ್ರಾಂ ಬರೆಯುವವನು ತಾನು ಹಿಂದೆ ಬರೆದ ಆ ಒಂದು ಸಾಲನ್ನು ಕಿತ್ತುಹಾಕಿದ. ಮೈನಸ್ ಒಂದು ಇರುವ ಮನೆಗಳನ್ನು ಹಾಗೇ ಬಿಟ್ಟ. ಅವು ಮುಟ್ಟಿದ ಬೊಟ್ಟುಗಳನ್ನು ಎಣಿಕೆಗೆ ತೆಗೆದುಕೊಳ್ಳಬೇಡ ಅಂತ ಬರೆದ. ಮತ್ತೆ ಲೆಕ್ಕಕ್ಕೆ ಬಿಟ್ಟ. ಮಧ್ಯಾಹ್ನದ ಊಟದ ಹೊತ್ತಿಗೆ ಉತ್ತರ ಬಂತು. ಎಲ್ಲ ಅಳತೆಯೂ ಒಂದಕ್ಕೊಂದು ಕೂಡಿತು. ಎಂಥಾ ಹರಳು ಅಂತೀಯ! ಅಂಥ ಹರಳನ್ನು ಅವನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಒಂದು ಗೆರೆ ಕೂಡ ಇರಲಿಲ್ಲ. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು.

ಅವರೆ ಬೀಜದ ಒಳಗೆ ಏನಿದೆ ಅಂತ ಅವತ್ತು ಲೋಕದಲ್ಲಿ ಅವನೊಬ್ಬನಿಗೇ ಕಂಡಿತು. ಸಂತೋಷಪಡಬೇಕಾಗಿತ್ತು. ಊಟದ ಡಬ್ಬಿ ಮುಂದಿಟ್ಟುಕೊಂಡು ಅತ್ತ.

ಅವತ್ತೇ ಅವಳ ಮನೆಗೆ ಓಡಿದ. ಆ ಮನೆಯಲ್ಲಿ ಬೇರೆಯವರಿದ್ದರು. ಪಕ್ಕದ ಮನೆಯವರನ್ನು ಕೇಳಿದ, ತಮ್ಮನ ಜತೆ ಹೋದರು, ಯಾವ ಊರೋ ಕಾಣೆ ಅಂದರು. ಹಳೆಯ ವಿಳಾಸಕ್ಕೆ ಬರೆದ ಕಾಗದ ಹಿಂದಕ್ಕೆ ಬಂತು. ಗೊತ್ತಿದ್ದವರನ್ನೆಲ್ಲ ಕೇಳಿದ. ಹರಳಿನ ವಿಷಯ ಪ್ರಕಟಿಸುವಾಗ ಅವಳ ಹೆಸರನ್ನೇ ಮೊದಲು ಹಾಕಿದ, ಎಲ್ಲಿದ್ದರೂ ಕಣ್ಣಿಗೆ ಬೀಳಲಿ ಅಂತ. ಬಿತ್ತೋ ಇಲ್ಲವೋ ಕಾಣೆ. ಹೇಳಬೇಕಾಗಿದ್ದದ್ದು ಒಂದೇ ಮಾತು. ನಿಮ್ಮ ಕೈ ಕೆಟ್ಟಿರಲಿಲ್ಲ ತಾಯಿ, ಕೆಟ್ಟದ್ದು ನನ್ನ ಸಾಲು. ಅಷ್ಟನ್ನು ಹೇಳಲು ಅವಳು ಸಿಗಲಿಲ್ಲ.

ಮೇಷ್ಟ್ರು ಡಬ್ಬಿಗೆ ಮುಚ್ಚಳ ಹಾಕಿದರು. ಮಾದೇವಿ ತನ್ನ ಪಾಲಿನ ಉಪ್ಪಿಟ್ಟನ್ನು ಮುಗಿಸಿರಲಿಲ್ಲ. ಮೇಷ್ಟ್ರು ಅದನ್ನು ನೋಡಿಯೂ ಬೈಯಲಿಲ್ಲ.

“ನೋಡಿ ಬಂದು ಇಲ್ಲ ಅಂದ್ರೆ ಸೊನ್ನೆ. ನೋಡೋಕೇ ಆಗಲಿಲ್ಲ ಅಂದ್ರೆ ಮೈನಸ್ ಒಂದು. ಕನ್ನಡದಲ್ಲಿ ಅದಕ್ಕೆ ಕಾಣೆ ಅಂತಾರೆ. ಹೋಗು, ಡಿಸ್ಕು ಹೋಗೋದರೊಳಗೆ ಕೆಲಸ ಮುಗಿಸು” ಎಂದರು.

ಮಾದೇವಿ ಕೈತೊಳೆದು ಬಂದು ಕಂಪ್ಯೂಟರಿನ ಮುಂದೆ ಕೂತಳು. ಮೈನಸ್ ಒಂದನ್ನು ಸೊನ್ನೆ ಮಾಡುವ ಸಾಲನ್ನು ಅಳಿಸಿದಳು. ಅಂಕಿ ಇಡುವ ಡಬ್ಬಿಯ ಅಳತೆ ಬದಲಾಯಿಸಿ ಮೈನಸ್ ಚಿಹ್ನೆಗೆ ಜಾಗ ಮಾಡಿದಳು. ಪ್ರೋಗ್ರಾಂ ಓಡಿಸಿದಳು. ಡಿಸ್ಕು ಕರಕರ ಅಂದಿತು. ಮೇಷ್ಟ್ರು ಎದ್ದು ಬಂದು ಅವಳ ಕುರ್ಚಿಯ ಬೆನ್ನನ್ನು ಹಿಡಿದು ನಿಂತರು.

“ಕೂತ್ಕೊಳ್ಳಿ ಮೇಷ್ಟ್ರೇ, ಹೊತ್ತಾಗುತ್ತೆ.”

“ನನ್ನ ಕಾಲು, ನನ್ನಿಷ್ಟ. ನೀನು ಪರದೆ ನೋಡು.”

ನೂರು ಚಿತ್ರವಾಯಿತು. ಇನ್ನೂರ ಹತ್ತರಲ್ಲಿ ಡಿಸ್ಕು ಸುಮ್ಮನಾಯಿತು. ಮಾದೇವಿ ಡಿಸ್ಕಿನ ಮೇಲೆ ಅಂಗೈ ಇಟ್ಟು, “ಏಳು ನಮ್ಮಪ್ಪ, ಇನ್ನು ಸ್ವಲ್ಪ ಇದೆ” ಎಂದಳು. ಅದು ಮತ್ತೆ ಕರಕರ ಅಂದಿತು. ಮೇಷ್ಟ್ರು ಅವಳ ಕೈಯನ್ನು ನೋಡಿದರು.

ಸಂಜೆ ನಾಲ್ಕೂಕಾಲು ಗಂಟೆಗೆ ಏಳುನೂರ ಇಪ್ಪತ್ತನೆಯ ಚಿತ್ರ ದಾಟಿತು. ಮೇಷ್ಟ್ರು ಮನೆಗೆ ಹೋಗುವ ಹೊತ್ತು ಮೀರಿತ್ತು. ಅವರ ಕಾಲು ನೋಯುತ್ತಿತ್ತು, ಮುಖದಲ್ಲಿ ನಗುವಿತ್ತು. “ಭೇಷ್ ಕಣೇ, ಬಂಗಾರದಂಥ ಹುಡುಗಿ” ಎಂದರು. ಹೊಗಳಿಕೆಯ ಮಾತನ್ನು ಅವರ ಬಾಯಿಂದ ಮಾದೇವಿ ಅವತ್ತೇ ಮೊದಲು ಕೇಳಿದ್ದು.

ಉಳಿದದ್ದು ತಲೆಬರಹ. ಮಾದೇವಿ ಒಂದೊಂದೇ ಸಾಲು ನೋಡುತ್ತಾ ಬಂದಳು. ಕಿರಣದ ಅಳತೆ, ತಟ್ಟೆಯ ದೂರ, ತೆಗೆದ ದಿನಾಂಕ. ಇವನ್ನೆಲ್ಲ ಯಂತ್ರವೇ ಬರೆದಿತ್ತು. ಕೊನೆಯ ಎರಡು ಸಾಲನ್ನು ಮಾತ್ರ ಯಾರೋ ಆಮೇಲೆ ಕೈಯಿಂದ ಸೇರಿಸಿದ್ದರು. ಹರಳು ಬೆಳೆಸಿದವರು: ನೀಲಾಂಬಿಕಾ. ಈಗಿನ ವಿಳಾಸ: ಪ್ರಶ್ನೆ ಚಿಹ್ನೆ.

ಹೊಸ ನಮೂನೆಯ ಪರಿಶೀಲನೆ ಅಲ್ಲಿ ಬಂದು ನಿಂತಿತು. ವಿಳಾಸದ ಜಾಗ ತುಂಬಿಲ್ಲ, ಏನು ಮಾಡಲಿ ಎಂದು ಪರದೆ ಕೇಳುತ್ತಿತ್ತು.

“ಮೇಷ್ಟ್ರೇ,” ಎಂದಳು ಮಾದೇವಿ ಮೆಲ್ಲಗೆ, “ಹದಿನಾಲ್ಕು ವರ್ಷ ಆಗಿಹೋಗಿದೆ. ಪ್ರಶ್ನೆ ಚಿಹ್ನೆ ಹಾಗೇ ಬಿಟ್ರೆ ಇದು ತೆರೆದಾಗಲೆಲ್ಲ ಕೇಳ್ತಾನೇ ಇರುತ್ತೆ. ಚುಕ್ಕಿ ಇಟ್ರೆ ಸುಮ್ಮನಾಗುತ್ತೆ. ಇದೊಂದು ಕಡೆ ಮಾತ್ರ ಇಟ್ಟುಬಿಡಲಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮಾದೇವಿಯ ಬೆರಳು ಕೀಲಿಯ ಮೇಲೆ ಹಾಗೇ ಇತ್ತು.

“ಅವಳು ‘ಬರ್ತೀನಿ’ ಅಂತ ಹೇಳಿ ಹೋಗಿದ್ದಾಳೆ ಕಣಮ್ಮ, ಚುಕ್ಕಿ ಇಡಬೇಡ.”